ಸೆಖೆಯ ಊರಿನಲ್ಲಿ ಪರ್ಷಿಯನ್ ಬೆಕ್ಕು: ನನ್ನ ಅನುಭವ

ಮಂಗಳೂರಿನಲ್ಲಿ ಪರ್ಷಿಯನ್ ಬೆಕ್ಕನ್ನು ಬಿಸಿಲಿಗಿಂತ ಹೆಚ್ಚು ಕಾಡುವುದು ತೇವ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಮಾರ್ಚ್ ಬಂತೆಂದರೆ ಸೆಖೆಗೆ ಮೈಯೆಲ್ಲ ಅಂಟಂಟಾಗುವ ಊರಿದು. ಈ ಬೆಕ್ಕಿನ ಚಂದವಿರುವುದು ಕೂದಲಿನಲ್ಲಿ ಮತ್ತು ಮುಖದಲ್ಲಿ. ಕೂದಲು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಚಪ್ಪಟೆ ಮುಖ ಉಸಿರಾಟವನ್ನು ಕಷ್ಟ ಮಾಡುತ್ತದೆ. ಮರಿ ಆರಿಸುವುದರಿಂದ ಹಿಡಿದು ಮೀಯಿಸುವುದು, ಊಟ ಹಾಕುವುದರವರೆಗೆ ನಾನು ಎಲ್ಲವನ್ನೂ ಮಾಡುವುದು ಈ ಎರಡನ್ನು ಲೆಕ್ಕಕ್ಕೆ ತೆಗೆದುಕೊಂಡೇ.

ತಳಿಯ ಮೂಲದ ಕಥೆಗೆ ನಮ್ಮ ಊರಿನ ನಂಟೂ ಇದೆ. ಪರ್ಷಿಯದ ಖೊರಾಸಾನ್ ಪ್ರಾಂತ್ಯದ ಉದ್ದ ಕೂದಲಿನ ಬೆಕ್ಕುಗಳ ಬಗ್ಗೆ 1620ರ ಸುಮಾರಿಗೆ ಬರೆದವನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ. ಅದೇ ಪ್ರವಾಸಿ 1623ರಲ್ಲಿ ಮಂಗಳೂರಿಗೆ ಬಂದು ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿದ. ಆದರೆ ಈಗ ನಮ್ಮ ಮನೆಗಳಲ್ಲಿರುವ ಪರ್ಷಿಯನ್ ರೂಪುಗೊಂಡದ್ದು ಯುರೋಪಿನಲ್ಲಿ, ಮುಖ್ಯವಾಗಿ ಇಂಗ್ಲೆಂಡಿನಲ್ಲಿ. ಇಂಗ್ಲಿಷ್ ಚಿತ್ರಕಾರ ಹ್ಯಾರಿಸನ್ ವಿಯರ್ 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ನಡೆಸಿದ ಬೆಕ್ಕುಗಳ ಪ್ರದರ್ಶನದಲ್ಲಿ ಪರ್ಷಿಯನ್ ಇತ್ತು. ವಂಶವಾಹಿ ಪರೀಕ್ಷೆಗಳಲ್ಲಿಯೂ ಇಂದಿನ ಪರ್ಷಿಯನ್ ಪಶ್ಚಿಮ ಯುರೋಪಿನ ಬೆಕ್ಕುಗಳಿಗೇ ಹತ್ತಿರ ಬರುತ್ತದೆ. ವಿಯರ್ ಕಾಲದ ಚಿತ್ರಗಳಲ್ಲಿ ಮೂಗು ಸ್ಪಷ್ಟವಾಗಿ ಮುಂದಿದೆ. ಕಣ್ಣುಗಳ ನಡುವೆ ಒಳಹೊಕ್ಕಂತಿರುವ ಮೂಗು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಆಯ್ಕೆಯ ಫಲ.

ಗಿಡ್ಡ ದಪ್ಪ ಕಾಲು, ಅಗಲ ಎದೆ, ದುಂಡು ತಲೆ, ದೂರ ದೂರ ಕೂತ ತುದಿ ದುಂಡಾದ ಪುಟ್ಟ ಕಿವಿ, ದೊಡ್ಡ ಗುಂಡು ಕಣ್ಣು, ಗಿಡ್ಡ ಬಾಲ. ತೂಕ ಸಾಮಾನ್ಯವಾಗಿ 3ರಿಂದ 5.5 ಕಿಲೋ. ಹೆಚ್ಚಿನ ಬಣ್ಣಗಳಲ್ಲಿ ಕಣ್ಣು ತಾಮ್ರದ ಬಣ್ಣ, ಬೆಳ್ಳಿ ಮತ್ತು ಗೋಲ್ಡನ್ ಬಣ್ಣದವಕ್ಕೆ ಹಸಿರು, ಸಯಾಮೀಸ್ ಬೆರೆತು ಬಂದ ಹಿಮಾಲಯನ್‌ಗೆ ನೀಲಿ. ಬಿಳಿ ಮೈ, ನೀಲಿ ಕಣ್ಣಿನ ಮರಿ ಕಿವುಡಾಗಿರುವ ಸಾಧ್ಯತೆ ಹೆಚ್ಚು. ಅದರ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿಯೇ ತೆಗೆದುಕೊಳ್ಳಿ.

ಮಾರುವವರು ಡಾಲ್ ಫೇಸ್, ಸೆಮಿ ಪಂಚ್, ಪಂಚ್ ಫೇಸ್ ಎಂದು ವಿಂಗಡಿಸಿ, ಮುಖ ಚಪ್ಪಟೆಯಾದಷ್ಟೂ ಬೆಲೆ ಏರಿಸುತ್ತಾರೆ. ಕರಾವಳಿಗೆ ನಾನು ಹೇಳುವುದು ಮೂಗು ಸ್ವಲ್ಪ ಮುಂದಿರುವ ಡಾಲ್ ಫೇಸ್. ಬೆಕ್ಕಿಗೆ ಬೆವರುವುದು ಪಾದದ ಮೆತ್ತೆಗಳಲ್ಲಿ ಮಾತ್ರ. ತೀರಾ ಸೆಖೆಯಾದಾಗ ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳಬೇಕು. ಮೂಗಿನ ಹೊಳ್ಳೆ ಗೆರೆಯಷ್ಟೇ ಇರುವ ಪಂಚ್ ಫೇಸ್‌ಗೆ ಅದು ಕಷ್ಟ. ಮರಿ ನಿದ್ದೆ ಮಾಡುವಾಗ ನೋಡಿ: ಗೊರಗೊರ ಸದ್ದು ಬಂದರೆ, ಹೊಳ್ಳೆ ಒಳಕ್ಕೆ ಎಳೆದುಕೊಂಡರೆ ಬೇಡ. ‘ಟ್ರಿಪಲ್ ಕೋಟ್’, ಅಂದರೆ ಮೂರು ಪದರದ ಕೂದಲು, ಎಂಬುದು ಮಾರಾಟದ ಮಾತು, ಅಂಥ ಪ್ರತ್ಯೇಕ ತಳಿಯಿಲ್ಲ. ಅದಕ್ಕೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ. ಅದರ ಬದಲು ತಾಯಿತಂದೆಯ ಮೂತ್ರಪಿಂಡದ ಪರೀಕ್ಷೆ ಆಗಿದೆಯೇ ಕೇಳಿ. ಈ ತಳಿಯಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ಪಿಕೆಡಿ ಎಂಬ ಆನುವಂಶಿಕ ಕಾಯಿಲೆ ಇದೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು. ಡಿಎನ್‌ಎ ಪರೀಕ್ಷೆಯಲ್ಲಿ ಮರಿಯಾಗಿದ್ದಾಗಲೇ ತಿಳಿಯುತ್ತದೆ, ಸ್ಕ್ಯಾನಿಂಗಿನಲ್ಲಿ ಹತ್ತು ತಿಂಗಳ ಮೇಲೆ. ಹನ್ನೆರಡು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬಾರದು.

ಸ್ವಭಾವ ಸೌಮ್ಯ. ಹೆಚ್ಚು ಹಾರುವುದಿಲ್ಲ, ಕೂಗು ಸಣ್ಣದು, ದಿನದ ಪರಿಪಾಠ ಬದಲಾಗುವುದು ಇಷ್ಟವಿಲ್ಲ. ಆದರೆ ಸೌಮ್ಯ ಎಂದರೆ ಎಲ್ಲವನ್ನೂ ಸಹಿಸುತ್ತದೆ ಎಂದಲ್ಲ: ನೋವಾದರೆ ಅರಚದೆ ಮಂಚದಡಿ ಸೇರುತ್ತದೆ. ಹಾಗಾಗಿ ಅದು ಸುಮ್ಮನಿದ್ದಾಗಲೇ ನಾನು ಹೆಚ್ಚು ಗಮನಿಸುವುದು.

ಈಗ ಕೂದಲು. ದಿನಾ ಹದಿನೈದು ನಿಮಿಷ ಬಾಚಲು ಆಗದವರು ಈ ಬೆಕ್ಕು ತರಬಾರದು. ಬೇಕಾದ್ದು ಸ್ಟೀಲಿನ ಎರಡು ಬಾಚಣಿಗೆ, ಒಂದು ಅಗಲ ಹಲ್ಲಿನದು, ಒಂದು ಒತ್ತು ಹಲ್ಲಿನದು. ಬರೀ ಬ್ರಷ್ ಸಾಲದು. ಅದು ಮೇಲ್ಪದರವನ್ನು ನಯ ಮಾಡುತ್ತದೆ, ಸಿಕ್ಕು ಬುಡದಲ್ಲಿ ಹಾಗೆಯೇ ಉಳಿಯುತ್ತದೆ. ಸಿಕ್ಕಾಗುವ ಜಾಗಗಳು ನಿಶ್ಚಿತ: ಕಂಕುಳು, ಕಿವಿಯ ಹಿಂಭಾಗ, ಗದ್ದದಡಿ, ಹೊಟ್ಟೆ, ಹಿಂದೊಡೆ. ಕೂದಲನ್ನು ಕೈಯಿಂದ ಪದರ ಪದರವಾಗಿ ಬಿಡಿಸಿ, ಚರ್ಮ ಕಾಣುವಂತೆ ಗೆರೆ ತೆಗೆದು, ಮೊದಲು ಅಗಲ ಹಲ್ಲಿನದು ಆಮೇಲೆ ಒತ್ತಿನದು. ಸಿಕ್ಕು ಸಿಕ್ಕಿದರೆ ಬುಡವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು, ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ತುದಿಯಿಂದ ಬುಡದ ಕಡೆಗೆ ಬಿಡಿಸಿ. ಕತ್ತರಿ ಮುಟ್ಟಬೇಡಿ: ಸಿಕ್ಕಿನೊಂದಿಗೆ ಚರ್ಮವೂ ಮೇಲೆದ್ದಿರುತ್ತದೆ, ಕೂದಲೆಂದು ಕತ್ತರಿಸಿದ್ದು ಚರ್ಮವಾಗಿರುತ್ತದೆ. ತೆಂಗಿನೆಣ್ಣೆ ಹಚ್ಚಿ ಬಿಡಿಸುವ ನಮ್ಮ ಕಡೆಯ ರೂಢಿಯೂ ಬೇಡ. ಎಣ್ಣೆಗೆ ಧೂಳು ಕಚ್ಚಿ ಮರುವಾರ ಅಲ್ಲೇ ದೊಡ್ಡ ಗಂಟು ಕಟ್ಟುತ್ತದೆ, ನೆಕ್ಕಿದ ಬೆಕ್ಕಿಗೆ ಭೇದಿಯೂ ಆಗಬಹುದು.

ಮೀಯಿಸುವುದು ಮೂರು ನಾಲ್ಕು ವಾರಕ್ಕೊಮ್ಮೆ. ಮೀಯಿಸುವ ಮೊದಲು ಪೂರ್ತಿ ಬಾಚಿರಬೇಕು, ಏಕೆಂದರೆ ನೀರು ತಾಗಿದ ಸಿಕ್ಕು ಬಿಗಿದುಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರು, ಬೆಕ್ಕಿನದೇ ಶಾಂಪೂ, ಮುಖಕ್ಕೆ ಒದ್ದೆ ಬಟ್ಟೆ ಮಾತ್ರ. ಶಾಂಪೂ ಪೂರ್ತಿ ಹೋಗುವಷ್ಟು ತೊಳೆಯಿರಿ, ಉಳಿದರೆ ಕೂದಲು ಅಂಟಾಗಿ ತುರಿಕೆ ಹುಟ್ಟುತ್ತದೆ. ಬೈರಾಸಿನಿಂದ ತಿಕ್ಕದೆ ಒತ್ತಿ ಒತ್ತಿ ನೀರು ತೆಗೆಯಿರಿ. ನಂತರದ ಕೆಲಸವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ: ಡ್ರೈಯರನ್ನು ಕಡಿಮೆ ಬಿಸಿಗೆ ಇಟ್ಟು, ಒಂದು ಗೇಣಿನಷ್ಟು ದೂರದಿಂದ, ಬಾಚುತ್ತಲೇ ಬುಡದವರೆಗೆ ಒಣಗಿಸಬೇಕು. ಮಳೆಗಾಲದ ಗಾಳಿಯಲ್ಲಿ ಕೂದಲು ತಾನಾಗಿ ಒಣಗುವುದೇ ಇಲ್ಲ. ಮೇಲೆ ಒಣಗಿದಂತೆ ಕಂಡರೂ ಕಂಕುಳು, ಹಿಂದೊಡೆ ತಣ್ಣಗಿರುತ್ತವೆ. ಬೆರಳು ಬುಡಕ್ಕಿಟ್ಟು ನೋಡಿಯೇ ನಿಲ್ಲಿಸಿ. ಗುಡುಗು ಮಿಂಚಿದ್ದು ಕರೆಂಟು ಹೋಗುವ ಲಕ್ಷಣವಿದ್ದರೆ ಆ ದಿನ ಸ್ನಾನ ಬೇಡ.

ಬೇಸಗೆಯಲ್ಲಿ ಮೈಪೂರ್ತಿ ಬೋಳಿಸುವುದಕ್ಕಿಂತ ಹೊಟ್ಟೆ ಮತ್ತು ಗುದದ ಸುತ್ತಲಿನ ಕೂದಲನ್ನಷ್ಟೇ ಸಣ್ಣ ಮಾಡಿಸುವುದು ನನಗೆ ಸರಿ ಕಂಡಿದೆ. ಹೊಟ್ಟೆ ನೇರ ನೆಲಕ್ಕೆ ತಾಗಿ ತಣಿಯುತ್ತದೆ, ಹೇಲು ಅಂಟುವುದಿಲ್ಲ, ಬೆನ್ನಿನ ಚರ್ಮಕ್ಕೆ ಮರೆಯೂ ಉಳಿಯುತ್ತದೆ.

ತೇವ ಉಳಿದಲ್ಲಿ ಬರುವುದು ಹುಳುಕಡ್ಡಿ. ಇದು ಹುಳುವಲ್ಲ, ಶಿಲೀಂಧ್ರ. ಬೆಕ್ಕಿನಲ್ಲಿ ಹೆಚ್ಚಾಗಿ ಮೈಕ್ರೋಸ್ಪೋರಮ್ ಕ್ಯಾನಿಸ್. ಕಿವಿ, ಮುಖ, ಮುಂಗಾಲಿನಲ್ಲಿ ಕೂದಲು ಉದುರಿ ಹೊಟ್ಟಿನಂಥ ಪುಡಿ ಕಾಣಿಸುತ್ತದೆ. ಉದ್ದ ಕೂದಲಿನಡಿ ಇದು ವಾರಗಟ್ಟಲೆ ಕಣ್ಣಿಗೇ ಬೀಳದಿರಬಹುದು, ಮಕ್ಕಳ ಕೈಯಲ್ಲಿ ದುಂಡು ಕಲೆ ಎದ್ದಾಗ ಗೊತ್ತಾಗುವುದೂ ಉಂಟು. ಬರೀ ಮುಲಾಮು ಹಚ್ಚಿದರೆ ಹೋಗುವುದಿಲ್ಲ. ವೈದ್ಯರು ಕೊಡುವ ಮಾತ್ರೆಯ ಜೊತೆ ಔಷಧದ ಸ್ನಾನ ಬೇಕು, ಅಷ್ಟೂ ದಿನ ಬೆಕ್ಕು ಒಂದೇ ಕೋಣೆಯಲ್ಲಿರಬೇಕು. ಉದುರಿದ ಕೂದಲಿನಲ್ಲಿ ಇದರ ಬೀಜಕಣಗಳು ತಿಂಗಳುಗಟ್ಟಲೆ ಬದುಕುತ್ತವೆ. ಮೊದಲು ಕೂದಲನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು, ಆಮೇಲೆ ಬ್ಲೀಚಿನ ಒಂದು ಪಾಲಿಗೆ 32 ಪಾಲು ನೀರು ಬೆರೆಸಿ ನೆಲ ಒರೆಸಿ. ಬೆಕ್ಕನ್ನು ಆಗ ಹೊರಗಿಟ್ಟು, ನೆಲ ಒಣಗಿದ ಮೇಲೆ ಬಿಡಿ. ಆಟಿ ತಿಂಗಳಲ್ಲಿ (ಜುಲೈ ಆಗಸ್ಟಿನ ಜಡಿಮಳೆಯ ತುಳು ತಿಂಗಳು) ಹಾಸಿಗೆ ಒಣಗದು, ಅದಕ್ಕೆ ದಪ್ಪ ಹಾಸಿಗೆಯ ಬದಲು ಹಳೆಯ ಹತ್ತಿ ಸೀರೆಯ ಮಡಿಕೆಗಳನ್ನು ಬದಲಾಯಿಸುತ್ತಾ ಹಾಕುತ್ತೇನೆ.

ಮೀನಿನ ಊರಾದ್ದರಿಂದ ಊಟದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕುಚ್ಚಲಕ್ಕಿ ಗಂಜಿಗೆ ಬೂತಾಯಿ (ಸಾರ್ಡೀನ್ ಮೀನು) ಕಲಸಿ ಹಾಕಿದರೆ ಬೆಕ್ಕು ತಿನ್ನುತ್ತದೆ, ಆದರೆ ಅದು ಪೂರ್ಣ ಆಹಾರವಲ್ಲ. ಹಸಿ ಬೂತಾಯಿ ಜಾತಿಯ ಮೀನಿನಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಥಯಾಮಿನೇಸ್ ಎಂಬ ಕಿಣ್ವವಿದೆ. ದಿನಾ ಕೊಟ್ಟರೆ ಬೆಕ್ಕು ತಲೆ ಬಗ್ಗಿಸಿ ತೂರಾಡತೊಡಗುತ್ತದೆ. ಬೇಯಿಸಿದರೆ ಈ ಕಿಣ್ವ ಹಾಳಾಗುತ್ತದೆ. ಬೇಯಿಸಿದ್ದೇ ಆದರೂ ಕೊಬ್ಬಿನ ಮೀನೊಂದನ್ನೇ ತಿನ್ನಿಸುತ್ತಾ ಹೋದರೆ ಇ ಜೀವಸತ್ವ ಕಡಿಮೆಯಾಗಿ ಚರ್ಮದಡಿಯ ಕೊಬ್ಬು ಉರಿಯೂತಕ್ಕೆ ಸಿಕ್ಕಿ, ಮುಟ್ಟಿದರೆ ನೋಯುವ ಗಂಟುಗಳಾಗುತ್ತವೆ. ಅದಕ್ಕೆ ನನ್ನ ಕ್ರಮ: ಮುಖ್ಯ ಊಟ ಬೆಕ್ಕಿನ ಸಂಪೂರ್ಣ ಆಹಾರ, ವಾರಕ್ಕೆ ಒಂದೆರಡು ಸಲ ಉಪ್ಪು ಮಸಾಲೆಯಿಲ್ಲದೆ ಬೇಯಿಸಿ ಮುಳ್ಳು ತೆಗೆದ ಮೀನು. ಸಾರಿನ ಮೀನು ತೊಳೆದು ಕೊಟ್ಟರೂ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಒಣ ಆಹಾರದ ದೊಡ್ಡ ಚೀಲ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಸಣ್ಣ ಪ್ಯಾಕೆಟ್ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಗಿಡ್ಡ ಮೂಗಿಗೆ ಆಳದ ಬಟ್ಟಲು ಆಗದು, ನೀರಿಗೂ ಊಟಕ್ಕೂ ಅಗಲವಾದ ತಟ್ಟೆಯೇ ಸರಿ.

ಕಣ್ಣೀರಿನ ನಾಳ ಮುಖದ ಆಕಾರದಿಂದ ಬಾಗಿರುವುದರಿಂದ ಕಣ್ಣು ಸೋರುತ್ತಲೇ ಇರುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ದಿನಕ್ಕೆರಡು ಸಲ, ಕಣ್ಣಿಗೊಂದು ಹತ್ತಿಯಂತೆ ಒರೆಸಿ. ಸೋರುವುದು ಹಳದಿಯಾದರೆ, ಕಣ್ಣು ಕಿರಿದು ಮಾಡಿದರೆ ಅದೇ ದಿನ ವೈದ್ಯರಲ್ಲಿಗೆ.

ಎಪ್ರಿಲ್ ಮೇ ತಿಂಗಳಲ್ಲಿ ಬಾಯಿ ತೆರೆದು ಏದುಸಿರು ಬಿಟ್ಟು ಜೊಲ್ಲು ಸುರಿಸಿದರೆ ಅದು ತುರ್ತು. ತಣ್ಣಗಿನ ಕೋಣೆಗೆ ತಂದು, ಹೊಟ್ಟೆ, ಕಂಕುಳು, ಪಾದಕ್ಕೆ ಸಾಧಾರಣ ನೀರು ಹಚ್ಚಿ ಫ್ಯಾನ್ ಹಾಕಿ ವೈದ್ಯರಲ್ಲಿಗೆ ಹೊರಡಿ, ಮಂಜುಗಡ್ಡೆ ಬೇಡ. ಜ್ವರವೆಂದು ಪ್ಯಾರಾಸಿಟಮಾಲ್ ಕೊಡಬೇಡಿ, ಅರ್ಧ ಮಾತ್ರೆಯೂ ಬೆಕ್ಕನ್ನು ಕೊಲ್ಲಬಹುದು. ಉಣ್ಣಿಗೆಂದು ನಾಯಿಯ ಬೆನ್ನಿಗೆ ಹಾಕುವ ಹನಿಯೌಷಧದಲ್ಲಿ ಪರ್ಮೆಥ್ರಿನ್ ಇದ್ದರೆ ಅದೂ ಬೆಕ್ಕಿಗೆ ವಿಷ. ಮನೆಯಲ್ಲಿ ನಾಯಿ ಇದ್ದು ಅದಕ್ಕೆ ಹಾಕಿದ್ದರೆ, ಔಷಧ ಪೂರ್ತಿ ಒಣಗುವವರೆಗೆ ಎರಡನ್ನೂ ಬೇರೆ ಕೋಣೆಯಲ್ಲಿಡಿ.