ಸಣ್ಣ ಕಾರಿಗೆ ತೊಳೆದು ಬಳಸುವ ಏರ್ ಫಿಲ್ಟರ್: ಅಂಚು ಕೂತರೆ ಮಾತ್ರ ಕೆಲಸ ಆದಂತೆ

ಕಳೆದ ಬೇಸಿಗೆಯಲ್ಲಿ ಪರಿಚಿತರೊಬ್ಬರು ತಮ್ಮ ಸಣ್ಣ ಪೆಟ್ರೋಲ್ ಕಾರಿಗೆ ತಾವೇ ಹೊಸ ಏರ್ ಫಿಲ್ಟರ್ ಹಾಕಿಕೊಂಡು ಹೊಸಪೇಟೆ–ಸಂಡೂರು ರಸ್ತೆಯಲ್ಲಿ ಎರಡು ತಿಂಗಳು ಓಡಾಡಿದ್ದರು. ಊರಿಗೆ ಮರಳಿದ ಮೇಲೆ ಫಿಲ್ಟರ್ ಪೆಟ್ಟಿಗೆಯನ್ನು ಇಬ್ಬರೂ ಕೂಡಿ ತೆರೆದೆವು. ಫಿಲ್ಟರ್‌ನ ಕೆಳಮೈ ಕೆಂಪಾಗಿದ್ದುದು ಸಹಜ. ಆದರೆ ಸೋಸಿದ ಗಾಳಿ ಮಾತ್ರ ಹಾಯಬೇಕಾದ ಮೇಲಿನ ಮುಚ್ಚಳದ ಒಳಮೈಯಲ್ಲೂ, ಹಿಂದಿನ ಒಂದು ಮೂಲೆಯಿಂದ ಪೈಪಿನ ಬಾಯಿಯವರೆಗೆ, ಕುಂಕುಮ ಎಳೆದಂತೆ ಅದಿರು ಧೂಳಿನ ಗೆರೆ ಮೂಡಿತ್ತು. ಫಿಲ್ಟರ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಆ ಮೂಲೆಯಲ್ಲಿ ಅದರ ರಬ್ಬರ್ ಅಂಚು ತೋಡಿನೊಳಗೆ ಕೂರದೆ ಮಡಚಿಕೊಂಡಿತ್ತು. ಅಂಥ ಗೆರೆಯನ್ನು ಆಮೇಲೆ ಇನ್ನೂ ಮೂರು ಕಾರುಗಳಲ್ಲಿ ಕಂಡಿದ್ದೇನೆ, ಅವುಗಳಲ್ಲಿ ಒಂದಕ್ಕೆ ಫಿಲ್ಟರ್ ಹಾಕಿದ್ದು ಗ್ಯಾರೇಜಿನವರೇ. ಕೊಳ್ಳುವಾಗ ಯಾವ ಕಂಪನಿಯದೆಂದು ವಾರಗಟ್ಟಲೆ ವಿಚಾರಿಸುವವರು ಕೂರಿಸುವಾಗ ಐದು ನಿಮಿಷವನ್ನೂ ಕೊಡುವುದಿಲ್ಲ ಎಂಬುದೇ ಈ ಲೇಖನಕ್ಕೆ ಕಾರಣ.

ಪೆಟ್ರೋಲ್ ಎಂಜಿನ್ ಒಂದು ತೂಕ ಪೆಟ್ರೋಲಿಗೆ ಸುಮಾರು 14.7 ತೂಕ ಗಾಳಿಯನ್ನು ಬಳಸುತ್ತದೆ. ಎಂದರೆ ಒಂದು ಲೀಟರ್ ಪೆಟ್ರೋಲ್ ಉರಿಯಲು ಹೆಚ್ಚುಕಡಿಮೆ 9,000 ಲೀಟರ್ ಗಾಳಿ ಬೇಕು. ಲೀಟರಿಗೆ 18 ಕಿ.ಮೀ. ಓಡುವ ಕಾರು ಬೆಂಗಳೂರಿನಿಂದ ಮೈಸೂರು ಮುಟ್ಟುವಷ್ಟರಲ್ಲಿ 70,000 ಲೀಟರಿಗೂ ಹೆಚ್ಚು ಗಾಳಿಯನ್ನು ಎಳೆದುಕೊಂಡಿರುತ್ತದೆ. ನಮ್ಮ ರಸ್ತೆಯ ಧೂಳಿನಲ್ಲಿರುವ ಮರಳಿನ ಕಣಗಳು ಸಿಲಿಂಡರಿನ ಗೋಡೆಗೂ ಪಿಸ್ಟನ್ ರಿಂಗಿಗೂ ನಡುವೆ ಸಿಕ್ಕರೆ ಉಪ್ಪುಕಾಗದದಂತೆ ಉಜ್ಜುತ್ತವೆ. ಗಾಳಿಗೆ ಸುಲಭದ ದಾರಿ ಸಿಕ್ಕರೆ ಅದು ಆ ದಾರಿಯಲ್ಲೇ ನುಗ್ಗುವುದರಿಂದ, ಅಂಚಿನಲ್ಲಿ ಉಳಿದ ಸಣ್ಣ ಸಂದು ಇಡೀ ಫಿಲ್ಟರನ್ನು ನಿಷ್ಪ್ರಯೋಜಕ ಮಾಡಬಲ್ಲದು.

ಕೊಳ್ಳುವ ವಿಷಯದಲ್ಲಿ ನನ್ನ ಸಲಹೆ ಒಂದೇ: ಕಾರು ಕಂಪನಿಯ ಪೆಟ್ಟಿಗೆಯೊಳಗೇ ಕೂರುವ, ಹಳೆಯದರ ಅಳತೆಗೆ ಸರಿಸಮವಾದ ಚಪ್ಪಟೆ ಫಿಲ್ಟರನ್ನೇ ತೆಗೆದುಕೊಳ್ಳಿ. ಪೆಟ್ಟಿಗೆಯನ್ನು ಕಿತ್ತುಹಾಕಿ ಬಾನೆಟ್ ಕೆಳಗೆ ಬೆತ್ತಲೆಯಾಗಿ ನಿಲ್ಲಿಸುವ ಶಂಕುವಿನಾಕಾರದ ಫಿಲ್ಟರ್ ಸಣ್ಣ ಕಾರಿಗೆ ಬೇಡವೇ ಬೇಡ. ಅದು ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತದೆ, ಮತ್ತು ಗಾಳಿಯ ಉಷ್ಣತೆ 10 ಡಿಗ್ರಿ ಏರಿದರೆ ಅದರ ಸಾಂದ್ರತೆ ಸುಮಾರು ಶೇ 3ರಷ್ಟು ಕುಗ್ಗುತ್ತದೆ. ಕೇಳಿಸುವ ಗರ್ಜನೆ ಜೋರಾಗುತ್ತದೆಯೇ ಹೊರತು ಶಕ್ತಿ ಹೆಚ್ಚುವುದಿಲ್ಲ. ತಣ್ಣನೆಯ ಗಾಳಿ ಬರಲೆಂದು ಪೈಪನ್ನು ಬಂಪರಿನ ಕೆಳಗಿಳಿಸಿದರೆ ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರೇ ಒಳಗೆ ಬರಬಹುದು. ನೀರು ಗಾಳಿಯಂತೆ ಅದುಮಿಸಿಕೊಳ್ಳುವುದಿಲ್ಲವಾದ್ದರಿಂದ ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹೋಗುತ್ತದೆ. ತಯಾರಕರ ಮೂಲ ವಿನ್ಯಾಸವನ್ನು ಬದಲಿಸುವ ಮಾರ್ಪಾಡುಗಳ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಟ್ಟುನಿಟ್ಟಾಗಿದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ವಾರಂಟಿ ಇನ್ನೂ ಇರುವ ಕಾರಾದರೆ ಚಪ್ಪಟೆ ಫಿಲ್ಟರ್ ಹಾಕುವ ಮುನ್ನವೂ ಸರ್ವಿಸ್ ಸೆಂಟರಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಚಪ್ಪಟೆ ಫಿಲ್ಟರ್‌ನಿಂದಲೂ ಕಾರು ಹಾರುತ್ತದೆಂದು ನಿರೀಕ್ಷಿಸಬೇಡಿ. ಎಣ್ಣೆ ಸವರಿದ ಹತ್ತಿಬಟ್ಟೆಯ ಪದರಗಳಿಂದ ಮಾಡಿದ ಈ ಫಿಲ್ಟರನ್ನು ತೊಳೆದು ವರ್ಷಗಟ್ಟಲೆ ಬಳಸಬಹುದು ಎಂಬುದೇ ಅದರ ನಿಜವಾದ ಲಾಭ. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕೆ ಅಂಡ್ ಎನ್ ಕಂಪನಿಯ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿಯೇ ಆ ಬಗೆಯ ಫಿಲ್ಟರ್‌ಗಳ ನಕಲುಗಳೂ ಸಾಕಷ್ಟಿವೆ. ಅಂಗಡಿಯಲ್ಲೇ ರಬ್ಬರ್ ಅಂಚನ್ನು ಉಗುರಿನಿಂದ ಒತ್ತಿ ನೋಡಿ. ಒಳ್ಳೆಯದಾದರೆ ಗುಳಿಬಿದ್ದ ಜಾಗ ಕೂಡಲೇ ಮೇಲೇಳುತ್ತದೆ, ನಕಲಿಯ ಅಂಚು ಪ್ಲಾಸ್ಟಿಕ್ಕಿನಂತೆ ಗಡುಸಾಗಿರುತ್ತದೆ ಅಥವಾ ಉಗುರಿನ ಗುರುತು ಹಾಗೇ ಉಳಿಯುತ್ತದೆ. ಅಂಥದನ್ನು ಅರ್ಧ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ. ಹಳೆಯ ಫಿಲ್ಟರನ್ನು ಜೊತೆಗೆ ಒಯ್ದು ಉದ್ದ, ಅಗಲ ಮತ್ತು ಅಂಚಿನ ದಪ್ಪವನ್ನು ಪಕ್ಕಪಕ್ಕ ಇಟ್ಟು ಹೋಲಿಸಿ. ದಿನವೂ ಮಣ್ಣುರಸ್ತೆಯಲ್ಲೋ ಗಣಿ ಲಾರಿಗಳ ಹಿಂದೆಯೋ ಓಡುವ ಕಾರಾದರೆ, ಕಾರು ಕಂಪನಿಯ ಕಾಗದದ ಫಿಲ್ಟರನ್ನೇ ಕಾಲಕಾಲಕ್ಕೆ ಬದಲಿಸುತ್ತಿರಿ. ನುಣುಪು ಧೂಳನ್ನು ತಡೆಯುವುದರಲ್ಲಿ ಕಾಗದವೇ ಮೇಲು.

ಎಂಜಿನ್ ತಣ್ಣಗಾದ ಮೇಲೆ ಕೆಲಸ ಆರಂಭಿಸಿ. ಕ್ಲಿಪ್ಪುಗಳನ್ನೋ ಸ್ಕ್ರೂಗಳನ್ನೋ ಬಿಚ್ಚಿ, ಮುಚ್ಚಳ ಎತ್ತಿ, ಹಳೆಯ ಫಿಲ್ಟರನ್ನು ಧೂಳು ಉದುರದಂತೆ ನಿಧಾನವಾಗಿ ಹೊರತೆಗೆಯಿರಿ. ಮುಚ್ಚಳಕ್ಕೆ ಸೆನ್ಸರಿನ ವೈರು ಸೇರಿದ್ದರೆ ಕನೆಕ್ಟರಿನ ಲಾಕನ್ನು ಒತ್ತಿ ಬಿಡಿಸಬೇಕು, ವೈರು ಹಿಡಿದು ಎಳೆಯಬಾರದು. ಎಂಜಿನ್ ಕಡೆಗೆ ಹೋಗುವ ಪೈಪಿನ ಬಾಯಿಗೆ ಶುಭ್ರವಾದ, ನೂಲು ಬಿಡದ ಬಟ್ಟೆಯನ್ನು ತುರುಕಿ, ಅದರ ಒಂದು ತುದಿ ಕಣ್ಣಿಗೆ ಕಾಣುವಂತೆ ಹೊರಗೆ ಇಳಿಬಿಡಿ. ಮುಚ್ಚುವ ಮುನ್ನ ತೆಗೆಯಲು ಮರೆಯದಿರಲು ಇದೇ ಉಪಾಯ. ಪೆಟ್ಟಿಗೆಯ ತಳದ ಎಲೆ, ಹುಳು, ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ.

ಈಗ ಬರುವುದು ಬಹಳ ಜನ ಎಡವುವ ಹಂತ. ಪೆಟ್ಟಿಗೆಯ ಸುತ್ತ ಫಿಲ್ಟರ್‌ನ ಅಂಚು ಕೂರಲೆಂದೇ ಒಂದು ತೋಡಿರುತ್ತದೆ. ತಳವನ್ನು ಫಳಫಳ ಹೊಳೆಯುವಂತೆ ಒರೆಸಿದವರು ಕೂಡ ಈ ತೋಡನ್ನು ಹಾಗೇ ಬಿಟ್ಟಿರುವುದನ್ನು ನೋಡಿದ್ದೇನೆ. ಸಣ್ಣ ಸ್ಕ್ರೂಡ್ರೈವರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಸುತ್ತಲೂ ಒಮ್ಮೆ ಎಳೆಯಿರಿ. ಎಳೆದ ಬಟ್ಟೆ ಬಿಳಿಯಾಗಿ ಹೊರಬರುವವರೆಗೂ ಎಳೆಯಿರಿ. ಒಂದೇ ಒಂದು ಮರಳಿನ ಕಣ ಅಂಚಿನಡಿ ಉಳಿದರೂ ರಬ್ಬರ್ ಅಲ್ಲಿ ಎತ್ತಿಕೊಳ್ಳುತ್ತದೆ. ಆಮೇಲೆ ರಬ್ಬರ್ ಅಂಚಿನ ಮೇಲ್ಮೈಗೆ ಬೆರಳ ತುದಿಯಿಂದ ಸಿಲಿಕೋನ್ ಗ್ರೀಸನ್ನು ತೀರಾ ತೆಳ್ಳಗೆ ಸವರಿ. ಫಿಲ್ಟರ್‌ನ ಯಾವ ಮೈ ಮೇಲಿರಬೇಕೆಂಬುದನ್ನು ಬಾಣದ ಗುರುತಿನಿಂದಲೋ ಹಳೆಯದು ಕೂತಿದ್ದ ರೀತಿಯಿಂದಲೋ ಖಚಿತಪಡಿಸಿಕೊಂಡು, ಮೊದಲು ನಾಲ್ಕು ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ನಂತರ ಬದಿಗಳ ನಡುಭಾಗವನ್ನು ಒತ್ತಿ. ನಡುವಿನಿಂದ ಆರಂಭಿಸಿದರೆ ಹೆಚ್ಚುಳಿದ ರಬ್ಬರ್ ಮೂಲೆಗೆ ಸರಿದು ಅಲ್ಲೇ ಮಡಚಿಕೊಳ್ಳುತ್ತದೆ. ಮೊಬೈಲಿನ ಟಾರ್ಚು ಹಿಡಿದು, ಹಿಂಬದಿಯ ಮೂಲೆಗಳನ್ನು ಬೆರಳಿನಿಂದಲೂ ಸವರಿ ನೋಡಿ.

ಮುಚ್ಚಳದ ಹಿಂಬದಿಯಲ್ಲಿ ಸಾಮಾನ್ಯವಾಗಿ ಎರಡೋ ಮೂರೋ ನಾಲಿಗೆಗಳಿರುತ್ತವೆ. ಅವು ಕೆಳಗಿನ ಪೆಟ್ಟಿಗೆಯ ಸೀಳುಗಳಿಗೆ ಮೊದಲು ಹೊಕ್ಕು, ಆಮೇಲೆ ಮುಂಬದಿ ಕೆಳಗಿಳಿಯಬೇಕು. ಒಂದು ನಾಲಿಗೆ ಸೀಳಿನ ಹೊರಗೆ ಉಳಿದರೂ ಮುಂದಿನ ಕ್ಲಿಪ್ಪುಗಳು ಸ್ವಲ್ಪ ಬಿಗಿಯಾಗಿ ಆದರೂ ಹಾಕಿಕೊಂಡುಬಿಡುತ್ತವೆ, ಕೆಲಸ ಮುಗಿಯಿತೆಂದು ನಾವು ಬಾನೆಟ್ ಇಳಿಸಿಬಿಡುತ್ತೇವೆ. ಹಿಂಬದಿ ಮಾತ್ರ ಬಾಯಿ ತೆರೆದುಕೊಂಡೇ ಇರುತ್ತದೆ. ಹೆಬ್ಬೆರಳಿನ ಒತ್ತಿಗೆ ಕೂರದ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಮೀಟಿ ಹಾಕಬೇಡಿ, ಅದು ಮುಚ್ಚಳ ಸರಿಯಾಗಿ ಕೂತಿಲ್ಲವೆಂದು ಹೇಳುತ್ತಿದೆ. ಸ್ಕ್ರೂಗಳಿರುವ ಪೆಟ್ಟಿಗೆಯಾದರೆ ಪ್ರತಿಯೊಂದನ್ನೂ ಮೊದಲು ಎಡಕ್ಕೆ ತಿರುಗಿಸಿ, ಹಳೆಯ ಮರೆಗೆ (ಸ್ಕ್ರೂ ಕೂರುವ ಸುರುಳಿ ಗೆರೆಗೆ) ‘ಟಕ್’ ಎಂದು ಇಳಿದ ಮೇಲೆ ಬಲಕ್ಕೆ ತಿರುಗಿಸಿ. ಪ್ಲಾಸ್ಟಿಕ್ಕಿನಲ್ಲಿ ಮರೆ ಒಮ್ಮೆ ಕಿತ್ತರೆ ಮುಚ್ಚಳ ಮತ್ತೆಂದೂ ಬಿಗಿಯಾಗದು. ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ.

ಹೀಗೆ ಮುಚ್ಚಿದ ಮೇಲೆ ಕೂಡಲೇ ಮತ್ತೆ ಬಿಚ್ಚಿ. ಇದು ಯಾರಿಗೂ ಇಷ್ಟವಾಗದ ಸಲಹೆಯಾದರೂ ನಾನು ಬಿಟ್ಟುಕೊಡುವುದಿಲ್ಲ. ಮುಚ್ಚಳದ ಒಳ ಅಂಚಿನಲ್ಲಿ ಗ್ರೀಸಿನ ಗುರುತು ಸುತ್ತಲೂ ಕಡಿಯದ ಒಂದೇ ಗೆರೆಯಾಗಿ ಮೂಡಿದ್ದರೆ ಅಂಚು ಕೂತಿದೆ. ಎಲ್ಲಿ ಗೆರೆ ಕಡಿದಿದೆಯೋ ಅಲ್ಲಿ ಸಂದಿದೆ. ಸರಿಪಡಿಸಿ, ಗುರುತು ಒರೆಸಿ, ಇನ್ನೊಮ್ಮೆ ಮುಚ್ಚಿ ನೋಡಿ. ಕೊನೆಯ ಸಲ ಮುಚ್ಚುವಾಗ ಪೈಪಿನೊಳಗಿನ ಬಟ್ಟೆಯನ್ನು ತೆಗೆಯಿರಿ.

ಸಂದನ್ನು ಸಿಲಿಕೋನ್ ಅಂಟಿನಿಂದ ಮುಚ್ಚುವುದು, ಫೋಮ್ ಟೇಪ್ ಸುತ್ತುವುದು ಗ್ಯಾರೇಜುಗಳಲ್ಲಿ ನಡೆಯುತ್ತದೆ. ಒಣಗಿದ ಅಂಟಿನ ಚೂರು ಎಂಜಿನ್ನಿನೊಳಗೇ ಹೋಗುವುದರಿಂದ ಅದಕ್ಕೆ ಒಪ್ಪಬೇಡಿ. ಹೊಸ ಫಿಲ್ಟರ್‌ಗೆ ಎಣ್ಣೆ ಹಾಕಿಯೇ ಕಳಿಸಿರುತ್ತಾರೆ, ಮೇಲೆ ಮತ್ತೆ ಹಾಕಬಾರದು. ಗಾಳಿಯನ್ನು ಅಳೆಯುವ ಬಿಸಿತಂತಿಯ ಸೆನ್ಸರ್ ಇರುವ ಕಾರುಗಳಲ್ಲಿ ಹೆಚ್ಚಾದ ಎಣ್ಣೆ ತಂತಿಗೆ ಅಂಟಿ ಅಳತೆ ತಪ್ಪುತ್ತದೆ, ಚೆಕ್ ಎಂಜಿನ್ ದೀಪ ಹತ್ತುತ್ತದೆ. ಬ್ಯಾಟರಿ ಬಿಚ್ಚುವ ಅಗತ್ಯವಿಲ್ಲ, ಇಂಧನದ ಸಣ್ಣ ಹೊಂದಾಣಿಕೆಯನ್ನು ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರಾದ ಇ.ಸಿ.ಯು. ತಾನೇ ಮಾಡಿಕೊಳ್ಳುತ್ತದೆ. ಕನೆಕ್ಟರ್ ಸೇರಿಸಿ, ಪೈಪಿನ ಕ್ಲಾಂಪು ಬಿಗಿಯಾಗಿದೆಯೇ ನೋಡಿ, ಎಂಜಿನ್ ಚಾಲೂ ಮಾಡಿ ಪೆಟ್ಟಿಗೆಯ ಬಳಿ ಸಿಳ್ಳೆಯಂಥ ಸದ್ದು ಇಲ್ಲವೆಂದು ಕೇಳಿಸಿಕೊಳ್ಳಿ.

ತೊಳೆಯುವ ಸರದಿ ಬಂದಾಗ ಅದಕ್ಕೆಂದೇ ಮಾಡಿದ ಕ್ಲೀನರನ್ನು ಬಳಸಿ, ಶುದ್ಧ ಮೈಯ ಕಡೆಯಿಂದ ನಲ್ಲಿಯ ಸಣ್ಣ ಧಾರೆ ಹಿಡಿದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಫಿಲ್ಟರ್‌ನ ಎಣ್ಣೆಯನ್ನೇ ಪ್ರತಿ ಮಡಿಕೆಗೂ ತೆಳುವಾಗಿ ಹಾಕಬೇಕು. ಪೆಟ್ರೋಲಿನಲ್ಲಿ ಅದ್ದುವುದು, ಕಂಪ್ರೆಸರ್ ಗಾಳಿ ಹೊಡೆಯುವುದು, ಎಂಜಿನ್ ಆಯಿಲ್ ಸವರುವುದು ಮೂರೂ ಫಿಲ್ಟರನ್ನು ಕೆಡಿಸುತ್ತವೆ.

ಕೂರಿಸಿದ 500 ಕಿ.ಮೀ. ನಂತರ ಮುಚ್ಚಳ ತೆರೆದು, ಅದರ ಒಳಮೈಯನ್ನೂ ಪೈಪಿನ ಬಾಯಿಯನ್ನೂ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆ ಬಿಳಿಯಾಗಿಯೇ ಉಳಿದರೆ ಮುಂದಿನ ಸರ್ವಿಸಿನವರೆಗೆ ಅದನ್ನು ಮುಟ್ಟಬೇಕಾಗಿಲ್ಲ. ಧೂಳು ಹತ್ತಿದರೆ ಬಂದ ಮೂಲೆಯನ್ನು ಗುರುತಿಸಿ ಮತ್ತೆ ಕೂರಿಸಿ. ಎರಡನೆಯ ಸಲವೂ ಹತ್ತಿದರೆ ಆ ಫಿಲ್ಟರ್ ನಿಮ್ಮ ಪೆಟ್ಟಿಗೆಗೆ ಹೊಂದುವುದಿಲ್ಲವೆಂದೇ ತಿಳಿದು, ಅದೇ ದಿನ ಕಾರು ಕಂಪನಿಯ ಕಾಗದದ ಫಿಲ್ಟರ್ ತಂದು ಹಾಕಿ.