ರಂಗೋಲಿಯಲ್ಲೊಂದು ಗುಟ್ಟು: ಬೇಹುಗಾರ್ತಿಯ ಸಿನಿಮಾಕ್ಕೆ ಎರಡು ನಿಮಿಷದ ಆರಂಭ ಮಾಡುವುದು ಹೇಗೆ?

ಕಾಲೇಜಿನ ಕಿರುಚಿತ್ರದಲ್ಲಿ ಬೇಹುಗಾರ್ತಿ ಬಂದಳೆಂದರೆ ಮೈಮೇಲೆ ಕಪ್ಪು ಜಾಕೆಟ್ ಇರಲೇಬೇಕು. ರಾತ್ರಿಯಾದರೂ ಕೂಲಿಂಗ್ ಗ್ಲಾಸ್ ತೆಗೆಯುವುದಿಲ್ಲ. ನಾನೂ ಓದುವಾಗ ಇಂಥದ್ದೇ ಒಂದನ್ನು ತೆಗೆದಿದ್ದೆ. ನಮ್ಮ ನಾಯಕಿ ಆಟಿಕೆ ಪಿಸ್ತೂಲು ಹಿಡಿದು ಎರಡು ನಿಮಿಷ ನಡೆದಳು. ಅಷ್ಟೇ ಕತೆ. ನೋಡಿದ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ಎದ್ದು ಕಾಣೋ ಹುಡುಗಿ ಗೂಢಚಾರಿಕೆ ಹೇಗೆ ಮಾಡ್ತಾಳೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಕೈಯಲ್ಲಿ ಒಂದು ಫೋನು, ಇಬ್ಬರು ಮೂವರು ಗೆಳೆಯರು, ಬೆಳಿಗ್ಗೆ ಬೇಗ ಏಳುವ ಮನಸ್ಸು ಇದ್ದರೆ ಸಾಕು.

ಮೊದಲು ಒಬ್ಬ ನಿಜವಾದ ಬೇಹುಗಾರ್ತಿ

ಕನ್ನಡಕ್ಕೆ ಬೇಹುಗಾರಿಕೆಯ ಸಿನಿಮಾ ಹೊಸದಲ್ಲ. 1968ರಲ್ಲೇ ರಾಜ್‌ಕುಮಾರ್ 'ಜೇಡರ ಬಲೆ'ಯಲ್ಲಿ ಸಿಐಡಿ 999 ಆಗಿದ್ದರು. ಆದರೆ ಹೆಣ್ಣಿನ ಪಾತ್ರಕ್ಕೆ ನಾನು ಬೇರೆ ಕಡೆ ನೋಡಲು ಹೇಳುತ್ತೇನೆ.

ನೂರ್ ಇನಾಯತ್ ಖಾನ್ ಹುಟ್ಟಿದ್ದು 1914ರಲ್ಲಿ, ಮಾಸ್ಕೋದಲ್ಲಿ. ತಂದೆಯ ಕಡೆಯಿಂದ ಟಿಪ್ಪು ಸುಲ್ತಾನನ ವಂಶದವರು. ಅಂದರೆ ಬೇರು ನಮ್ಮ ಶ್ರೀರಂಗಪಟ್ಟಣದ್ದು. ಮೆತ್ತಗಿನ ಸ್ವಭಾವ. ಬುದ್ಧನ ಜಾತಕ ಕಥೆಗಳನ್ನು ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಬರೆದವರು. ಎರಡನೇ ಮಹಾಯುದ್ಧದಲ್ಲಿ, ಜೂನ್ 1943ರಲ್ಲಿ, ಬ್ರಿಟನ್ ಅವರನ್ನು ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿಗೆ ಕಳಿಸಿತು. ಕೆಲಸ, ಗುಟ್ಟಾಗಿ ವೈರ್‌ಲೆಸ್ ಸಂದೇಶ ಕಳಿಸುವುದು. ಗುಪ್ತನಾಮ 'ಮ್ಯಾಡಲೀನ್'. ಅಕ್ಟೋಬರಿನಲ್ಲಿ ಸಿಕ್ಕಿಬಿದ್ದರು. 13 ಸೆಪ್ಟೆಂಬರ್ 1944ರಂದು ಜರ್ಮನಿಯ ಡಖಾವ್ ನಾಜಿ ಸೆರೆಶಿಬಿರದಲ್ಲಿ ಅವರನ್ನು ಕೊಂದರು. 1949ರಲ್ಲಿ ಬ್ರಿಟನ್ ಅವರ ಧೈರ್ಯಕ್ಕೆ ಜಾರ್ಜ್ ಕ್ರಾಸ್ ಪದಕ ಕೊಟ್ಟಿತು.

ನಮಗೆ ಬೇಕಾದ್ದು ಅವರ ಬಗ್ಗೆ ಹೇಳುವ ಒಂದು ಪುಟ್ಟ ಕತೆ. ಪ್ಯಾರಿಸಿನಲ್ಲಿ ನೂರ್ ವೈರ್‌ಲೆಸ್ಸಿನ ಏರಿಯಲ್ ತಂತಿಯನ್ನು ಹೊರಗೆ ಕಟ್ಟುತ್ತಿದ್ದರಂತೆ. ಪಕ್ಕದಲ್ಲೇ ಇದ್ದ ಜರ್ಮನ್ ಅಧಿಕಾರಿ ಅದನ್ನು ಬಟ್ಟೆ ಒಣಹಾಕುವ ತಂತಿ ಅಂದುಕೊಂಡ. ಪಾಪ ಹುಡುಗಿ ಒದ್ದಾಡುತ್ತಿದ್ದಾಳೆ ಎಂದು ತಾನೇ ಬಂದು ಕಟ್ಟಿಕೊಟ್ಟ.

ಅಮ್ಮನ ಪ್ರಶ್ನೆಗೆ ಉತ್ತರ ಇದೇ ಅಲ್ವಾ? ಮನೆಗೆಲಸ ಮಾಡುವ ಹೆಣ್ಣನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಅದೇ ಅವಳ ವೇಷ.

ಗುಟ್ಟನ್ನು ಎಲ್ಲಿಡುವುದು?

ಹಾಗಾದರೆ ನಮ್ಮ ಬೀದಿಯಲ್ಲಿ ಯಾರೂ ನೋಡದ ಕೆಲಸ ಯಾವುದು? ಹಪ್ಪಳ ಒಣಹಾಕುವುದು, ಹೂ ಕಟ್ಟುವುದು, ನಲ್ಲಿ ನೀರು ಹಿಡಿಯುವುದು. ನಿಮ್ಮ ಊರಿಗೆ ತಕ್ಕದ್ದನ್ನು ಆರಿಸಿಕೊಳ್ಳಿ. ನಾನು ರಂಗೋಲಿ ತೆಗೆದುಕೊಳ್ಳುತ್ತೇನೆ. ಅದಕ್ಕೊಂದು ಕಾರಣವಿದೆ. ರಂಗೋಲಿ ಅಂದರೆ ಚುಕ್ಕಿ ಮತ್ತು ಎಳೆ. ವೈರ್‌ಲೆಸ್ಸಿನಲ್ಲಿ ಅಕ್ಷರಗಳನ್ನು ಕಳಿಸುವ ಮೋರ್ಸ್ ಸಂಕೇತವೂ ಚುಕ್ಕಿ ಮತ್ತು ಎಳೆಯೇ!

'ಓಡು' ಎಂಬ ಮಾತನ್ನು ಇಂಗ್ಲಿಷಿನ ಓ, ಡಿ, ಯು ಅಕ್ಷರಗಳಲ್ಲಿ ಬರೆಯಿರಿ. ಮೋರ್ಸ್‌ನಲ್ಲಿ ಓ ಅಂದರೆ ಮೂರು ಎಳೆ. ಡಿ ಅಂದರೆ ಒಂದು ಎಳೆ, ಎರಡು ಚುಕ್ಕಿ. ಯು ಅಂದರೆ ಎರಡು ಚುಕ್ಕಿ, ಒಂದು ಎಳೆ. ಸಾಲಾಗಿ ಇಟ್ಟರೆ ಹೀಗೆ:

― ― ―    ― • •    • • ―

ರಂಗೋಲಿಯ ಅಂಚಿನಲ್ಲಿ ಇದನ್ನು ಹಾಕಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಕಡೆಯ ಎರಡು ಅಕ್ಷರಗಳಂತೂ ಕನ್ನಡಿಯಲ್ಲಿ ಕಂಡ ಹಾಗೆ ಒಂದಕ್ಕೊಂದು ಸರಿಹೊಂದುತ್ತವೆ. ಒಂದು ಎಚ್ಚರ ಮಾತ್ರ ಬೇಕು. ಇದನ್ನು ಓದುವವನು ಬೀದಿಯಲ್ಲಿರುತ್ತಾನೆ. ನಾಯಕಿ ಮನೆಗೆ ಬೆನ್ನು ಹಾಕಿ ಕೂತರೆ ಬಲದಿಂದ ಎಡಕ್ಕೆ ಹಾಕಬೇಕು. ಇಲ್ಲದಿದ್ದರೆ ಬೀದಿಯಿಂದ ಅದು ಡಿ, ಯು, ಓ ಆಗಿ ಕಾಣುತ್ತದೆ. ಮೋರ್ಸ್ ಬಲ್ಲ ಒಬ್ಬ ನೋಡುಗ ಸಾಕು, ಕೆಳಗೆ ಕಮೆಂಟು ಹಾಕಿ ಮಾನ ತೆಗೆಯಲು.

120 ಸೆಕೆಂಡಿನ ಕತೆ

ನಾಯಕಿಗೆ ಸುಮಾ ಎಂದು ಹೆಸರಿಡೋಣ. ವಯಸ್ಸು 22, ಮೈಸೂರಿನ ಒಂದು ಬೀದಿಯಲ್ಲಿ ಬಾಡಿಗೆಗಿದ್ದಾಳೆ. ಕಾಲ ಧನುರ್ಮಾಸ, ಅಂದರೆ ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ. ಆಗ ಎಷ್ಟೋ ಮನೆಗಳ ಮುಂದೆ ದಿನಾ ದೊಡ್ಡ ರಂಗೋಲಿ ಬೀಳುತ್ತದೆ. ಇದು ಕತೆಗೆ ಬೇಕು, ಆಮೇಲೆ ಗೊತ್ತಾಗುತ್ತದೆ.

ಮೊದಲ 15 ಸೆಕೆಂಡು ಮನೆಯೊಳಗೆ. ಒಂದು ನೋಟ್‌ಬುಕ್, ಚುಕ್ಕಿ ಎಳೆಗಳು, ಅದರ ಕೆಳಗೆ ಪೆನ್ಸಿಲ್ಲಿನಲ್ಲಿ 'ಓಡು'. ಆ ಹಾಳೆ ಹರಿದು ಒಲೆಯ ಉರಿಗೆ ಹೋಗುತ್ತದೆ. ಮುಖ ತೋರಿಸಬೇಡಿ, ಕೈ ಸಾಕು. ಗುಟ್ಟು ಈಗ ನೋಡುಗರಿಗೆ ಗೊತ್ತು, ಬೀದಿಗೆ ಗೊತ್ತಿಲ್ಲ. ಇಡೀ ಆರಂಭ ನಿಂತಿರುವುದು ಇದರ ಮೇಲೆ. ಈ ಶಾಟ್ ತೆಗೆದುಹಾಕಿದರೆ ಉಳಿಯುವುದು ಸುಮ್ನೆ ಒಂದು ರಂಗೋಲಿ ವಿಡಿಯೊ.

ಮುಂದಿನ ಅರ್ಧ ನಿಮಿಷ ಅಂಗಳ. ನೀರು ಚಿಮುಕಿಸುವುದು, ಕಡ್ಡಿ ಪೊರಕೆ, ಬೆರಳ ಸಂದಿಯಿಂದ ಇಳಿಯುವ ಪುಡಿ. ಅಕ್ಕಪಕ್ಕದ ಮನೆಗಳ ರಂಗೋಲಿಯೂ ಒಂದು ಶಾಟಿನಲ್ಲಿ ಕಾಣಲಿ. ಸುಮಾಳ ಮುಖ ಮೊದಲ ಸಲ ಕಾಣುವುದು 40ನೇ ಸೆಕೆಂಡಿನ ಹೊತ್ತಿಗೆ. ಅವಳು ತಲೆ ಎತ್ತಿ ಬೀದಿಯ ತುದಿ ನೋಡುತ್ತಾಳೆ. ಪೇಪರ್ ಹಾಕುವವನು ಇನ್ನೂ ಬಂದಿಲ್ಲ. ಸಂದೇಶ ಅವನಿಗೆ. ಎದುರುಮನೆಯ ಗೇಟಿಗೆ ಒರಗಿ ಒಬ್ಬ ಗಂಡಸು ಕಾಫಿ ಕುಡಿಯುತ್ತಿದ್ದಾನೆ. ನಿನ್ನೆವರೆಗೂ ಆ ಮನೆಗೆ ಬೀಗ ಇತ್ತು ಎಂದು ಹೇಳಬೇಕೇ? ಬೇಡ. ಗೇಟಿನ ಮೇಲೆ 'ಮನೆ ಬಾಡಿಗೆಗಿದೆ' ಬೋರ್ಡು ಇನ್ನೂ ನೇತಾಡುತ್ತಿದ್ದರೆ ಸಾಕು.

ಒಂದು ನಿಮಿಷಕ್ಕೆ ಅವನು ಬೀದಿ ದಾಟಿ ಬರುತ್ತಾನೆ. ರಂಗೋಲಿಯನ್ನು ನೋಡುತ್ತಾನೆ. "ಚೆನ್ನಾಗಿದೆ ಕಣಮ್ಮ. ಈ ಕಡೆ ಮೂರು ಎಳೆ ಜಾಸ್ತಿ ಆಯ್ತಲ್ಲ." ಹೀಗೆಂದು ಚಪ್ಪಲಿ ಕಾಲಿನಿಂದಲೇ ಆ ಮೂರು ಎಳೆ ಒರೆಸುತ್ತಾನೆ. ಅವನಿಗೆ ಏನಾದರೂ ಗೊತ್ತಿದೆಯೇ, ಅಥವಾ ಎರಡೂ ಕಡೆ ಸಮ ಮಾಡುವ ಚಪಲವೇ? ತಿಳಿಯಬಾರದು. ಆದರೆ ಬೇರೆಯವರ ರಂಗೋಲಿಗೆ ಕಾಲು ಹಾಕುವವನು ಎಂಥವನು ಎಂದು ನಮ್ಮ ನೋಡುಗರಿಗೆ ವಿವರಿಸಬೇಕಾಗಿಲ್ಲ. 'ಓ' ಹೋಯಿತು. ಉಳಿದದ್ದು 'ಡು'. 'ಓಡು' ಎಂದದ್ದು ಈಗ 'ಮಾಡು' ಎಂಬ ಅರ್ಥದ ಇಂಗ್ಲಿಷಿನ 'ಡು'ವಿನಂತೆ ಕೇಳುತ್ತದೆ!

ದೂರದಲ್ಲಿ ಸೈಕಲ್ ಬೆಲ್ಲು. ಸುಮಾ ಏನು ಮಾಡಬೇಕು? ಮತ್ತೆ ಎಳೆ ಹಾಕಿದರೆ ಅನುಮಾನ. "ಅಯ್ಯೋ ಬಿಡಿ ಅಂಕಲ್, ನಂಗೆ ರಂಗೋಲಿ ಬರೋದೇ ಇಲ್ಲ" ಎಂದು ನಗುತ್ತಾಳೆ. ಏಳುವಾಗ ಮೊಣಕೈ ತಾಗಿ ಬಕೆಟ್ ಉರುಳುತ್ತದೆ. ಇಡೀ ರಂಗೋಲಿ ನೀರುಪಾಲು. ಬೀದಿ ತುಂಬ ರಂಗೋಲಿ ಇರುವಾಗ ಒಂದೇ ಒಂದು ಅಂಗಳ ಬೋಳಾಗಿದೆ. ಸೈಕಲ್ಲಿನವನಿಗೆ ಅದು ಅರ್ಥವಾಗುತ್ತದೆಯೇ? ಅವನ ಕೈ ಬ್ರೇಕಿನ ಮೇಲೆ ಬರುತ್ತದೆ. ಕತ್ತಲು. ಟೈಟಲ್.

ಅವಳನ್ನು ತೋರಿಸುವ ಬಗೆ

ಸುಮಾಗೆ ಏನು ತೊಡಿಸುವುದು? ನೈಟಿ, ಅದರ ಮೇಲೊಂದು ಟವೆಲ್. ನಗಬೇಡಿ. ಕರ್ನಾಟಕದ ಬೆಳಗಿನ ಬೀದಿಯಲ್ಲಿ ಕಣ್ಣಿಗೆ ಬೀಳದೆ ಓಡಾಡಲು ಇದಕ್ಕಿಂತ ಒಳ್ಳೆಯ ವೇಷ ಇಲ್ಲ. ನಿಮ್ಮ ನಾಯಕಿ "ನೈಟಿ ಬೇಡ, ಜೀನ್ಸ್ ಹಾಕ್ತೀನಿ" ಎಂದರೆ ಕೂತು ಮಾತಾಡಿ. ನಟಿಗೆ ಸಂಕೋಚವಾದರೆ ಹಳೆ ಚೂಡಿದಾರ್ ಆದರೂ ಪರವಾಗಿಲ್ಲ. ಇಸ್ತ್ರಿ ಮಾತ್ರ ಮಾಡಬೇಡಿ.

ಕ್ಯಾಮೆರಾ ಅವಳ ಪಾದದಿಂದ ಶುರುವಾಗಿ ನಿಧಾನಕ್ಕೆ ಮೇಲೇರುವ ಶಾಟ್ ಬೇಡವೇ ಬೇಡ. ಕೈ ಏನು ಮಾಡುತ್ತಿದೆ, ಕಣ್ಣು ಎಲ್ಲಿದೆ, ಇವೆರಡು ಸಾಕು. ಬಕೆಟ್ ಉರುಳಿಸುವ ಮುಂಚೆ ಅವಳ ಮುಖದ ಮೇಲೆ ಎರಡು ಸೆಕೆಂಡು ನಿಲ್ಲಿ. ಹೆದರಿಕೆ ನಟಿಸು ಎಂದು ಹೇಳಬೇಡಿ, ಲೆಕ್ಕ ಹಾಕು ಎನ್ನಿ. ಹದಿನೇಳರ ಮಗ್ಗಿಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳಲು ಬಿಡಿ. ಕಣ್ಣು ತಾನಾಗಿಯೇ ಸರಿಯಾಗುತ್ತದೆ. ನಾನು ಮಾಡಿ ನೋಡಿದ್ದೇನೆ.

ಇನ್ನೊಂದು ವಿಷಯ. ಸುಮಾ ಮತ್ತು ಆ ಗಂಡಸಿನ ನಡುವೆ ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಕಡೆ ಇರಲಿ. ದಾಟಿದರೆ ಎಡಕ್ಕೆ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಬಲಕ್ಕೆ ನೋಡುತ್ತಾಳೆ, ಇಬ್ಬರೂ ಒಂದೇ ಕಡೆ ತಿರುಗಿದಂತೆ ಕಾಣುತ್ತದೆ. ಸೈಕಲ್ ಕೂಡ ಎಲ್ಲ ಶಾಟಿನಲ್ಲೂ ಒಂದೇ ದಿಕ್ಕಿನಿಂದ ಬರಬೇಕು.

ಇಪ್ಪತ್ತು ನಿಮಿಷದ ಬೆಳಕು

ಡಿಸೆಂಬರ್ ಕೊನೆಯಲ್ಲಿ ಮೈಸೂರಿನಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರೂವರೆ ದಾಟಿದ ಮೇಲೆ. ಅದಕ್ಕೆ ಮುಂಚಿನ ಇಪ್ಪತ್ತು ನಿಮಿಷ ಆಕಾಶ ನೀಲಿಯಾಗಿರುತ್ತದೆ, ಬೀದಿದೀಪ ಇನ್ನೂ ಉರಿಯುತ್ತಿರುತ್ತದೆ. ಥ್ರಿಲ್ಲರಿಗೆ ದುಡ್ಡಿಲ್ಲದೆ ಸಿಗುವ ಬೆಳಕು ಅದು. ಒಂದು ದಿನಕ್ಕೆ ಆರೇಳು ಶಾಟ್ ಆದರೆ ಹೆಚ್ಚು. ಹಾಗಾಗಿ ಮೂರು ಬೆಳಿಗ್ಗೆ ಬೇಕು. ಮೂರು ದಿನವೂ ಒಂದೇ ರಂಗೋಲಿ ಇರಬೇಕಲ್ಲ? ಮೊದಲ ದಿನವೇ ಮೇಲಿನಿಂದ ಫೋಟೊ ತೆಗೆದಿಡಿ, ಚುಕ್ಕಿಗಳ ಜಾಗಕ್ಕೆ ಸೀಮೆಸುಣ್ಣದ ಸಣ್ಣ ಗುರುತು ಹಾಕಿ. ಬಕೆಟ್ ಶಾಟ್ ಪ್ರತಿದಿನವೂ ಕೊನೆಗೆ. ನೀರು ಬಿದ್ದ ಅಂಗಳ ಅಷ್ಟು ಬೇಗ ಒಣಗುವುದಿಲ್ಲ.

ಫೋನಿನ ಕ್ಯಾಮೆರಾವನ್ನು ಆಟೋ ಮೋಡಿನಲ್ಲಿ ಬಿಟ್ಟರೆ ಅದು ಕತ್ತಲನ್ನೂ ಬೆಳಗು ಮಾಡಿಬಿಡುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಇದೆ, ಅಂಥದ್ದೊಂದು ಹಾಕಿಕೊಳ್ಳಿ. ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಿ. ನಮ್ಮ ದೇಶದ ಕರೆಂಟು 50 ಹರ್ಟ್ಸಿನದು. ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು ಇಟ್ಟರೆ ಬೀದಿದೀಪ ಮಿಣುಕುವ ಕಾಟ ಸಾಮಾನ್ಯವಾಗಿ ಇರುವುದಿಲ್ಲ. 30 ಫ್ರೇಮಿನಲ್ಲಿ ತೆಗೆದು, ಮನೆಗೆ ಬಂದು, ಪರದೆ ತುಂಬ ಓಡುವ ಪಟ್ಟಿಗಳನ್ನು ನೋಡಿ ತಲೆ ಚಚ್ಚಿಕೊಂಡವರಲ್ಲಿ ನಾನೂ ಒಬ್ಬ.

ಕಿವಿಗೆ ಕೇಳುವ ಹೆದರಿಕೆ

ರಂಗೋಲಿ ಪುಡಿ ಬೀಳುವಾಗ ಸದ್ದೇ ಆಗುವುದಿಲ್ಲ. ಆದರೆ ಕ್ಲೋಸಪ್ಪಿನಲ್ಲಿ ಸದ್ದು ಬೇಕು. ರಾತ್ರಿ ರೂಮಿನ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ದಪ್ಪ ಕಾಗದದ ಮೇಲೆ ರವೆ ಉದುರಿಸಿ ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಚಪ್ಪಲಿ ಉಜ್ಜುವ ಸದ್ದನ್ನೂ ಹಾಗೇ ಬೇರೆಯಾಗಿ ತೆಗೆಯಿರಿ. ಆ ಒಂದು ಸದ್ದು ಹಿನ್ನೆಲೆ ಸಂಗೀತಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಬೀದಿಯ ಬರೀ ಮೌನವನ್ನೂ ಒಂದು ನಿಮಿಷ ರೆಕಾರ್ಡ್ ಮಾಡಿ. ಎಡಿಟಿಂಗಿನಲ್ಲಿ ಶಾಟ್‌ಗಳ ನಡುವಿನ ಹೊಲಿಗೆ ಕಾಣದಂತೆ ಮಾಡುವುದು ಅದೇ.

ಬೆಳಗಿನ ಬೀದಿ ಎಂದರೆ ದೂರದಲ್ಲೊಂದು ಸುಪ್ರಭಾತ ಕೇಳಬೇಕು ಅನ್ನಿಸುತ್ತದೆ. ಎಚ್ಚರ. ಶ್ಲೋಕ ಹಳೆಯದು, ಆದರೆ ನಾವು ಕೇಳುವ ರೆಕಾರ್ಡಿಂಗಿನ ಹಕ್ಕು ಯಾವುದೋ ಕಂಪನಿಯದು. ಯೂಟ್ಯೂಬಿಗೆ ಹಾಕಿದ ಕೂಡಲೇ ಕಾಪಿರೈಟ್ ಕ್ಲೇಮ್ ಬರಬಹುದು. ಹಾಡಲು ಬರುವ ಗೆಳತಿಯಿಂದಲೋ ಅಜ್ಜಿಯಿಂದಲೋ ಹಾಡಿಸಿ, ಪಕ್ಕದ ರೂಮಿನಿಂದ ರೆಕಾರ್ಡ್ ಮಾಡಿ. ದೂರದ ಗುಡಿಯಿಂದ ಬಂದಂತೆಯೇ ಇರುತ್ತದೆ.

ಉಳಿದದ್ದು

ಜಾಗಕ್ಕೆ ಪರಿಚಯದವರ ಮನೆಯ ಮುಂದಿನ ಸಣ್ಣ ಬೀದಿ ಸಾಕು. ಅಕ್ಕಪಕ್ಕದವರಿಗೂ ಹತ್ತಿರದ ಠಾಣೆಗೂ ಮೊದಲೇ ಹೇಳಿಬಿಡಿ. ರೈಲು ನಿಲ್ದಾಣ, ಮೆಟ್ರೊ ಎಂದರೆ ಅನುಮತಿ ಪತ್ರದ ಓಡಾಟ ಶುರುವಾಗುತ್ತದೆ. ಆಟಿಕೆ ಪಿಸ್ತೂಲು ಹಿಡಿದು ಬೀದಿಗೆ ಇಳಿಯಬೇಡಿ. ನೋಡಿದವರಿಗೆ ಅದು ಆಟಿಕೆ ಎಂದು ಗೊತ್ತಿರುವುದಿಲ್ಲ.

ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ. ತೊಂದರೆ ಬರುವುದು ಕನ್ನಡ ಅಕ್ಷರದಲ್ಲಿ. ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲಿ ಒತ್ತಕ್ಷರ ಕೆಳಗಿಳಿಯದೆ ಪಕ್ಕಕ್ಕೆ ಬಂದು ಕೂರುತ್ತದೆ. ಇಂಕ್‌ಸ್ಕೇಪ್ ಎಂಬ ಉಚಿತ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಟೈಟಲ್ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ತಂದು ಇಡಿ. ಅಕ್ಷರಕ್ಕೆ ಗೂಗಲ್ ಫಾಂಟ್ಸ್‌ನಲ್ಲಿ ಅನೇಕ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ ಎಲ್ಲ ಉಚಿತವಾಗಿ ಸಿಗುತ್ತವೆ. ನಟರ, ತಂತ್ರಜ್ಞರ ಹೆಸರುಗಳನ್ನು ಮೊದಲ ಒಂದು ನಿಮಿಷದಲ್ಲೇ, ಅಂಗಳದ ಖಾಲಿ ಜಾಗ ಸಿಕ್ಕಲ್ಲಿ ತೋರಿಸಿ ಮುಗಿಸಿ. ಚಪ್ಪಲಿ ಬಂದ ಮೇಲೆ ಹೆಸರು ಓದುವವರು ಯಾರೂ ಇರುವುದಿಲ್ಲ.

ಹಾಂ, ಬೀದಿನಾಯಿಗಳಿಗೆ ಬಿಸ್ಕತ್ತು ಇಟ್ಟುಕೊಳ್ಳಿ. ನಾವು ಎರಡನೇ ದಿನ ಆರು ಗಂಟೆ ಹತ್ತು ನಿಮಿಷಕ್ಕೆ ಎಲ್ಲ ಸಿದ್ಧ ಮಾಡಿ "ಆ್ಯಕ್ಷನ್" ಅಂದೆವು. ಒಂದು ಕಂದು ನಾಯಿ ನೆಟ್ಟಗೆ ಬಂದು 'ಡಿ'ಯ ಮೇಲೆ ಮಲಗಿತು.