ಬೆಕ್ಕಿನ ನರಕೋಶಕ್ಕೆ ಯಾವ ದಿಕ್ಕು ಇಷ್ಟ? ಪತ್ತೆ ಮಾಡುವುದು ಹೀಗೆ

ಬೆಕ್ಕಿನ ಮಿದುಳಿನ ಹಿಂಭಾಗದಲ್ಲಿ ನೋಟದ ಕೆಲಸಕ್ಕೇ ಮೀಸಲಾದ ಹೊರಪದರವಿದೆ. ಅಲ್ಲಿನ ಬಹಳಷ್ಟು ನರಕೋಶಗಳಿಗೆ ಸುಮ್ನೆ ಬೆಳಕು ಬಿದ್ದರೆ ಸಾಲದು, ಏನಾದರೂ ಸರಿದಾಡಬೇಕು. ಅದೂ ಇಂಥದ್ದೇ ದಿಕ್ಕಿನಲ್ಲಿ. ಆ ದಿಕ್ಕನ್ನು ಹುಡುಕುವುದು ಹೇಗೆ?

ಮೊದಲು ಕೋಶದ ದನಿ ಕೇಳಬೇಕು. ಅರಿವಳಿಕೆ ಕೊಟ್ಟ ಬೆಕ್ಕಿನ ಮಿದುಳಿಗೆ ತೀರಾ ಸಪೂರ ತುದಿಯ ಲೋಹದ ಎಲೆಕ್ಟ್ರೋಡ್ ಇಳಿಸುತ್ತಾರೆ. ಕೋಶದ ಒಂದೊಂದು ವಿದ್ಯುತ್ ಮಿಡಿತವೂ ಸ್ಪೀಕರ್‌ನಲ್ಲಿ ‘ಟಪ್’ ಎಂದು ಕೇಳಿಸುತ್ತದೆ.

ಬೆಕ್ಕಿನ ಕಣ್ಣೆದುರು ಒಂದು ಪರದೆ ಇರುತ್ತದೆ. ಒಂದು ಕೋಶಕ್ಕೆ ಅದು ಇಡಿಯಾಗಿ ಕಾಣುವುದಿಲ್ಲ. ಅದರ ಪಾಲಿಗಿರುವುದು ಒಂದು ಪುಟ್ಟ ಜಾಗ ಅಷ್ಟೇ. ಬೆಳಕನ್ನು ಪರದೆಯ ಮೇಲೆ ಓಡಾಡಿಸಿ, ಸದ್ದು ಬದಲಾಗುವ ಕಡೆ ಗುರುತು ಹಾಕಬೇಕು.

ಈಗ ಅಲ್ಲಿ ಏನು ತೋರಿಸುವುದು? 1958ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಗಂಟೆಗಟ್ಟಲೆ ಚುಕ್ಕೆಗಳನ್ನು ತೋರಿಸಿದರು. ಕೋಶ ಜಗ್ಗಲಿಲ್ಲ. ಕಪ್ಪು ಚುಕ್ಕೆಯಿದ್ದ ಗಾಜಿನ ಸ್ಲೈಡನ್ನು ಚಿತ್ರ ತೋರಿಸುವ ಯಂತ್ರಕ್ಕೆ ತೂರಿಸುವಾಗ ಮಾತ್ರ ಸ್ಪೀಕರ್ ಒಮ್ಮೆಲೇ ಪಟಪಟ ಸದ್ದು ಮಾಡಿತು. ಚುಕ್ಕೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಗಾಜಿನ ಅಂಚಿನ ತೆಳು ನೆರಳು ಸರಿದದ್ದೇ ಕಾರಣ! ಅಂದಿನಿಂದ ಚುಕ್ಕೆಯ ಜಾಗಕ್ಕೆ ಗೆರೆ ಬಂತು. ಇವರಿಬ್ಬರಿಗೆ 1981ರಲ್ಲಿ ನೊಬೆಲ್ ಕೂಡ ಬಂತು.

ಹಾಗಾಗಿ ಗೆರೆಯ ಓರೆಯನ್ನು ಸ್ವಲ್ಪಸ್ವಲ್ಪವೇ ಬದಲಿಸಿ, ಪ್ರತಿ ಸಲವೂ ಎರಡೂ ಕಡೆಗೆ ಸರಿಸಬೇಕು. ಇದನ್ನು ಬಿಡಲೇಬಾರದು. ನೆಟ್ಟಗಿನ ಗೆರೆ ಎಡದಿಂದ ಬಲಕ್ಕೆ ಹೋದಾಗ ಪಟಪಟ ಎನ್ನುವ ಕೋಶ, ಅದೇ ಗೆರೆ ವಾಪಸ್ ಬರುವಾಗ ಮೌನವಾಗಿರಬಹುದು. ಎರಡೂ ಕಡೆಗೆ ಒಂದೇ ಸಮನೆ ಮಿಡಿಯುವ ಕೋಶಗಳೂ ಇವೆ. ಏನೂ ತೋರಿಸದಿದ್ದರೂ ಕೋಶ ಆಗೀಗ ಮಿಡಿಯುತ್ತದೆ. ಅದಕ್ಕೇ ಖಾಲಿ ಪರದೆಯ ಲೆಕ್ಕವನ್ನೂ ಇಟ್ಟುಕೊಂಡು, ದಿಕ್ಕುಗಳ ಸರದಿಯನ್ನು ಹಿಂದುಮುಂದು ಮಾಡಿ, ಮತ್ತೆಮತ್ತೆ ತೋರಿಸಬೇಕು. ವೇಗವನ್ನೂ ಬದಲಿಸಿ ನೋಡಬೇಕು.

ಕೋಶಕ್ಕೆ ದಿಕ್ಕು ತಿಳಿಯುವುದಾದರೂ ಹೇಗೆ? ಗುಟ್ಟು ಸಮಯದಲ್ಲಿದೆ. ಅಕ್ಕಪಕ್ಕದ ಎರಡು ಬಿಂದುಗಳಿಂದ ಸುದ್ದಿ ಬರುತ್ತದೆ, ಒಂದರದ್ದು ತುಸು ತಡ. ಗೆರೆ ಮೊದಲು ತಡದ ಬಿಂದುವನ್ನು ದಾಟಿದರೆ ಎರಡೂ ಒಟ್ಟಿಗೆ ತಲುಪುತ್ತವೆ, ಕೋಶ ಜೋರಾಗಿ ಮಿಡಿಯುತ್ತದೆ. ಉಲ್ಟಾ ಬಂದರೆ ಚದುರಿ ತಲುಪುತ್ತವೆ. ಇದರ ಜೊತೆಗೆ ತಡೆಯುವ ಸಂಕೇತಗಳೂ ಇವೆ. ಔಷಧದಿಂದ ಆ ತಡೆಯನ್ನು ತೆಗೆದಾಗ ಹಲವು ಕೋಶಗಳ ದಿಕ್ಕಿನ ಒಲವು ಸಡಿಲವಾಯಿತು.

ಒಂದು ಎಚ್ಚರಿಕೆ. ಕಾಗದದಲ್ಲಿ ಸಣ್ಣ ತೂತು ಮಾಡಿ, ಹಿಂದೆ ಓರೆ ಗೆರೆಗಳ ಹಾಳೆಯನ್ನು ಒಮ್ಮೆ ಬಲಕ್ಕೆ, ಒಮ್ಮೆ ಮೇಲೆ ಅಥವಾ ಕೆಳಗೆ ಸರಿಸಿ. ಬಲಕ್ಕೆ-ಮೇಲೆ, ಬಲಕ್ಕೆ-ಕೆಳಗೆ ಎಂಬ ಎರಡು ಜೋಡಿಗಳಲ್ಲಿ ಒಂದರಲ್ಲಿ, ಎರಡೂ ಚಲನೆಗಳು ತೂತಿನಲ್ಲಿ ಒಂದೇ ಥರ ಕಾಣುತ್ತವೆ, ಅಲ್ವಾ? ಪುಟ್ಟ ಜಾಗವಷ್ಟೇ ಕಾಣುವ ಕೋಶಕ್ಕೂ ಇದೇ ತೊಡಕು: ಗೆರೆ ನಿಜಕ್ಕೂ ಯಾವ ಕಡೆ ಸರಿಯಿತೆಂದು ತಿಳಿಯದು. ಚುಕ್ಕೆ ಸರಿದ ದಿಕ್ಕಾದರೆ ತೂತಿನಲ್ಲೂ ಸ್ಪಷ್ಟ. ಅದಕ್ಕೇ ಗೆರೆಯನ್ನೊಮ್ಮೆ, ಚುಕ್ಕೆಗಳ ಗುಂಪನ್ನೊಮ್ಮೆ ಸರಿಸಿ, ಎರಡು ಉತ್ತರಗಳನ್ನು ಹೋಲಿಸುತ್ತಾರೆ.